ಅವ್ವನ ಕಟ್ಟಿದ ಹೊಟ್ಟೆಗೆ ಪುಡಿಯೋ, ಕ್ಯಾಪ್ಸೂಲೋ?

ಮೊದಲೇ ಹೇಳಿಬಿಡುತ್ತೇನೆ, ಅವ್ವನ ಮಲಬದ್ಧತೆಗೆ ನನಗೆ ಒಪ್ಪಿಗೆಯಾಗಿದ್ದು ನೀರಿಗೆ ಬೆರೆಸಿ ಕುಡಿಯುವ ಪಾಲಿಇಥಿಲೀನ್ ಗ್ಲೈಕಾಲ್ ಪುಡಿ. ಅದಕ್ಕೂ ಮೊದಲು ಕೊಟ್ಟ ಲುಬಿಪ್ರೋಸ್ಟೋನ್ ಕ್ಯಾಪ್ಸೂಲ್ ಕೆಲಸ ಮಾಡಲಿಲ್ಲ ಅಂತಲ್ಲ. ಮಾಡಿತು. ಆದರೆ ಅವ್ವ ಪಟ್ಟ ಪಾಡು ನೋಡಿದ ಮೇಲೆ ಅದನ್ನು ಮತ್ತೆ ಅವಳ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಧಾರವಾಡದ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವ್ವನ ಬೆನ್ನುಮೂಳೆ ಜಜ್ಜಿತ್ತು. ನೋವಿಗೆ ಟ್ರಮಡಾಲ್ ಶುರುವಾಯಿತು. ಅದು ಅಫೀಮಿನ ಜಾತಿಯ ಔಷಧ. ನೋವು ತಗ್ಗಿಸುವ ಜೊತೆಗೆ ಕರುಳಿನ ಚಲನೆಯನ್ನೂ ನಿಧಾನ ಮಾಡುತ್ತದೆ. ಮಂಪರು, ವಾಕರಿಕೆ ಸಾಮಾನ್ಯವಾಗಿ ಕೆಲವು ದಿನಕ್ಕೆ ಒಗ್ಗಿಹೋಗುತ್ತವೆ. ಮಲಬದ್ಧತೆ ಹಾಗಲ್ಲ, ಗುಳಿಗೆ ಇರುವವರೆಗೂ ಕಾಡುತ್ತದೆ. ಐದನೇ ದಿನ ಅವ್ವ ಊಟವನ್ನೇ ಬಿಟ್ಟಳು.

ಮನೆಗೆ ಬಂದವರೆಲ್ಲ ಇಸಬ್‌ಗೋಲ್ ಕೊಡಿ ಅಂದರು. ಕೊಟ್ಟೆವು, ತಪ್ಪಾಯಿತು. ಕರುಳೇ ನಿಧಾನವಾದಾಗ ಮೇಲಿಂದ ನಾರು ತುಂಬಿದರೆ ಅದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಅದೂ, ಪದೇ ಪದೇ ಏಳಬೇಕಾಗುತ್ತದೆ ಅಂತ ನೀರನ್ನೇ ಕುಡಿಯದವಳಿಗೆ!

ಮುಂದೆ ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಕೊಟ್ಟೆವು. ವಿಪರೀತ ಸಿಹಿ, ಹೊಟ್ಟೆ ತುಂಬ ಗಾಳಿ. ಒಂದು ವಾರದಲ್ಲೇ ಬಿಟ್ಟೆವು.

ಆಮೇಲೆ ಹುಬ್ಬಳ್ಳಿಯ ಡಾಕ್ಟರೊಬ್ಬರು 24 ಮೈಕ್ರೋಗ್ರಾಂ ಲುಬಿಪ್ರೋಸ್ಟೋನ್ ಬರೆದರು, ದಿನಕ್ಕೆ ಎರಡು. ಅದು ಕರುಳಿನೊಳಗೆ ನೀರು ಜಿನುಗುವಂತೆ ಮಾಡುತ್ತದೆ. ಮರುದಿನವೇ ಸಂಡಾಸ ಆಯಿತು. ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ಆದರೆ ನಾನು ಅದನ್ನು ಬೆಳಿಗ್ಗೆ ಆರಕ್ಕೆ, ಬರೀ ಹೊಟ್ಟೆಗೆ, ಚಹಾಕ್ಕಿಂತ ಮೊದಲು ಕೊಡುತ್ತಿದ್ದೆ. ಅರ್ಧ ತಾಸಿಗೆಲ್ಲ ಅವ್ವನ ಬಾಯಲ್ಲಿ ನೀರು ಕೂಡುತ್ತಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗುತ್ತಿದ್ದಳು. "ಹೊಟ್ಟಿ ತೊಳಸಾಕತ್ತೈತಿ ನನ್ನವ್ವ, ಆ ಗುಳಗಿ ಒಲ್ಲೆ" ಅನ್ನುತ್ತಿದ್ದಳು. ಟ್ರಮಡಾಲ್‌ನಿಂದಲೂ ವಾಕರಿಕೆ ಬರುತ್ತದೆ ಅಲ್ವಾ? ಹಾಗಾಗಿ ಅದರ ಮೇಲೆಯೇ ಅನುಮಾನಪಟ್ಟು ಸುಮ್ನೆ ನಾಲ್ಕು ದಿನ ಕಳೆದೆವು.

ಕೊನೆಗೆ ಔಷಧದ ಜೊತೆ ಬಂದ ಚೀಟಿ ಬಿಡಿಸಿ ಓದಿದೆ. ಈ ಕ್ಯಾಪ್ಸೂಲಿನಿಂದ ಹಲವರಿಗೆ ವಾಕರಿಕೆ ಆಗುತ್ತದೆ, ಊಟದ ಜೊತೆ ನೀರು ಕುಡಿದು ನುಂಗಿದರೆ ಕಡಿಮೆ ಅಂತ ಇತ್ತು. ಇಷ್ಟು ಮಾತನ್ನು ಔಷಧಿ ಅಂಗಡಿಯಲ್ಲಿ ಹೇಳಿದ್ದರೆ ಸಾಕಿತ್ತು. ರೊಟ್ಟಿ ಊಟದ ಜೊತೆ ಕೊಡತೊಡಗಿದೆ. ವಾಕರಿಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಒಂದು ಮಧ್ಯಾಹ್ನ ನುಂಗಿದ ಮುಕ್ಕಾಲು ತಾಸಿಗೆ ಎದೆ ಬಿಗಿದು ಉಸಿರು ಹಿಡಿದಂತಾಯಿತು. ಆಟೋ ಹಿಡಿದು ಓಡಿದೆವು. ಇಸಿಜಿ ಸರಿಯಿತ್ತು. ಎರಡು ತಾಸಿನಲ್ಲಿ ತಾನಾಗಿ ಇಳಿಯಿತು. ಕೆಲವರಿಗೆ ಈ ಔಷಧದಿಂದ ಹೀಗೂ ಆಗುತ್ತದೆ ಎಂದು ಹೇಳಿ ಡಾಕ್ಟರೇ ಅದನ್ನು ನಿಲ್ಲಿಸಿ ಪುಡಿ ಬರೆದರು.

ಪುಡಿ 17 ಗ್ರಾಂ, ಒಂದು ದೊಡ್ಡ ಲೋಟ ನೀರಿಗೆ. ನಿಧಾನ, ನಮಗೆ ಮೂರನೇ ದಿನ ಫಲ ಸಿಕ್ಕಿತು. ಸ್ವಲ್ಪ ಹೊಟ್ಟೆ ಉಬ್ಬರ ಇತ್ತು, ಅಷ್ಟೇ. ಅವ್ವ ಹೊತ್ತಿಗೆ ಸರಿಯಾಗಿ ಉಣ್ಣುವವಳಲ್ಲ, ದಿನಕ್ಕೆರಡು ಸಲ ಊಟದ ಜೊತೆಯೇ ನುಂಗಬೇಕೆಂದರೆ ಅವಳಿಗೆ ಆಗದ ಮಾತು. ಪುಡಿಗೆ ಆ ಕಟ್ಟಳೆ ಇಲ್ಲ. ಅದರ ನೆಪದಲ್ಲಿ ಒಂದು ಲೋಟ ನೀರೂ ಒಳಗೆ ಹೋಗುತ್ತದೆ. ತಿಂಗಳ ಲೆಕ್ಕದಲ್ಲಿ ನಮಗೆ ಪುಡಿಯೇ ಅಗ್ಗ ಬಿತ್ತು.

ಒಂದು ಮಾತು ಮರೆಯಬೇಡಿ. ಹೊಟ್ಟೆ ಬಿಗಿದು ಉಬ್ಬಿ, ಗಾಳಿಯೂ ಹೋಗದೆ ವಾಂತಿ ಶುರುವಾದರೆ ಕರುಳು ಕಟ್ಟಿರಬಹುದು. ಆಗ ಪುಡಿಯೂ ಬೇಡ, ಕ್ಯಾಪ್ಸೂಲೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಈಗ ರಾತ್ರಿ ಒಂಬತ್ತಾದರೆ ಅವ್ವನೇ ಲೋಟ ಕೇಳುತ್ತಾಳೆ. ಚಮಚೆಯಿಂದ ತಿರುವಿ, ತಳದಲ್ಲಿ ಪುಡಿ ಉಳಿದಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕುಡಿಯುತ್ತಾಳೆ.