ಪಾಕೆಟ್ ಪುಸ್ತಕ, ವಾಟ್ಸಾಪ್, ಬ್ಲಾಗ್: ಮೂರರಲ್ಲೂ ಎರಡು ವರ್ಷ ಬರೆದು ನೋಡಿದ್ದು

ಬಳ್ಳಾರಿಯಲ್ಲಿ ಪತ್ರಿಕೋದ್ಯಮ ಎಂಎಗೆ ಸೇರಿದ ಮೊದಲ ವಾರವೇ ನಮ್ಮ ಸರ್ ಒಂದು ಕೆಲಸ ಹಚ್ಚಿದರು. ಕ್ಲಾಸಿನಲ್ಲಿ, ಫೀಲ್ಡಿನಲ್ಲಿ ಏನು ಕಲಿತಿರೋ ಅದನ್ನು ಎಲ್ಲಾದರೂ ಬರೆದಿಡಿ, ಸೆಮಿಸ್ಟರ್ ಕೊನೆಗೆ ನನಗೆ ತೋರಿಸಿ. ಎಲ್ಲಿ ಅಂತ ಹೇಳಲಿಲ್ಲ. ಹಾಗಾಗಿ ಒಬ್ಬೊಬ್ಬರದು ಒಂದೊಂದು ದಾರಿ ಆಯಿತು, ನನಗಂತೂ ಒಂದರಲ್ಲಿ ನಿಲ್ಲೋ ಗುಣವೇ ಇಲ್ಲ, ಅದಕ್ಕೆ ಎರಡು ವರ್ಷದಲ್ಲಿ ಮೂರನ್ನೂ ಮಾಡಿದೆ: ಜೇಬಿನ ಪುಸ್ತಕ, ವಾಟ್ಸಾಪ್, ಬ್ಲಾಗ್. ಜೂನಿಯರ್‌ಗಳು ಯಾವುದು ಒಳ್ಳೇದು ಅಂತ ಕೇಳ್ತಾನೇ ಇರ್ತಾರೆ, ಪ್ರತಿ ಸಲ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ.

ಸರ್ ಇನ್ನೊಂದು ಹೇಳಿದ್ದರು. ಆದದ್ದನ್ನು ತಿರುಗಿ ನೋಡಿ ಕಲಿಯೋಕೆ 1988ರಲ್ಲಿ ಗ್ರಹಾಂ ಗಿಬ್ಸ್ ಅನ್ನೋರು ಮಾಡಿದ ಆರು ಮೆಟ್ಟಿಲು: ಏನಾಯಿತು, ನನಗೆ ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಕೆಟ್ಟಿತು, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡ್ತೀನಿ. ಇದನ್ನು ನನ್ನ ಪುಸ್ತಕದ ಒಳರಟ್ಟಿಗೆ ಅಂಟಿಸಿಕೊಂಡಿದ್ದೆ. ಮೂರು ದಾರಿಗಳನ್ನು ಅಳೆಯೋಕೆ ಕೊನೆಗೆ ಇದೇ ಕೆಲಸಕ್ಕೆ ಬಂತು, ಯಾಕಂದ್ರೆ ಯಾವುದರಲ್ಲಿ ಎಷ್ಟನೇ ಮೆಟ್ಟಿಲಿಗೆ ನಿಂತುಬಿಡ್ತೀನಿ ಅನ್ನೋದರಲ್ಲೇ ಎಲ್ಲಾ ಇದೆ.

ವಾಟ್ಸಾಪ್ ಮೊದಲು ಮುಗಿಸ್ತೀನಿ, ಜಾಸ್ತಿ ಹೇಳೋದೇನಿಲ್ಲ. ನಮಗೆ ನಾವೇ ಮೆಸೇಜ್ ಕಳಿಸಿಕೊಳ್ಳೋ ಸೌಲಭ್ಯ 2022ರ ಕೊನೆಗೆ ಬಂತಲ್ಲ, ಅದರಲ್ಲಿ ಶುರು ಮಾಡಿದೆ. ಬಸ್ಸಿನಲ್ಲಿ ನಿಂತುಕೊಂಡೇ ಮಾತಾಡಿ ವಾಯ್ಸ್ ಹಾಕಬಹುದು, ಫೋಟೋ ಹಾಕಬಹುದು, ಸುಲಭ. ಆದರೆ ಆರು ತಿಂಗಳಲ್ಲಿ ಅದರೊಳಗೆ ಬಿದ್ದದ್ದು ಏನು ಗೊತ್ತಾ, ಇನ್ನೂರು ವಾಯ್ಸ್ ಕ್ಲಿಪ್, ಲೆಕ್ಕವಿಲ್ಲದಷ್ಟು ಸ್ಕ್ರೀನ್‌ಶಾಟ್, ಮಧ್ಯೆ ಕರೆಂಟ್ ಬಿಲ್, ಅಕ್ಕನ ಮದುವೆ ಸೀರೆಯ ಫೋಟೋ. ಒಂದನ್ನೂ ತಿರುಗಿ ಕೇಳಲಿಲ್ಲ. ಅದು ಮೊದಲನೇ ಮೆಟ್ಟಿಲು ದಾಟೋದೇ ಇಲ್ಲ: ಏನಾಯಿತು, ಅಷ್ಟೇ. ಮೇಲೆ ಬ್ಯಾಕಪ್ ಇಡದೇ ಫೋನ್ ಬದಲಿಸಿ ಮೊದಲ ಎರಡು ತಿಂಗಳದ್ದು ಕಳಕೊಂಡೆ, ಅದು ನನ್ನದೇ ದಡ್ಡತನ ಬಿಡಿ.

ಪುಸ್ತಕದ ಮಾತೇ ಬೇರೆ. ಅಂಗೈಯಷ್ಟು ಪುಸ್ತಕ, ಅಂಗಿ ಜೇಬಿನಲ್ಲಿ ಕೂರುತ್ತೆ, ಚಾರ್ಜ್ ಬೇಡ, ಯಾರ ಮುಂದೆ ತೆಗೆದರೂ ಅವರು ಗಾಬರಿ ಆಗೋಲ್ಲ. ಇದನ್ನು ಮೊದಲು ತಿಳಿದದ್ದು ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯೋ ಒಬ್ಬ ಅಣ್ಣನ್ನ ಮಾತಾಡಿಸೋವಾಗ. ಫೋನ್ ರೆಕಾರ್ಡಿಂಗಿಗೆ ಇಟ್ಟ ಕೂಡಲೇ ಅವರು ಬರೀ ಒಳ್ಳೆ ಒಳ್ಳೆ ಮಾತು ಶುರು ಮಾಡಿದರು, ಅದನ್ನು ಒಳಗಿಟ್ಟು ಪೆನ್ನು ತೆಗೆದ ಮೇಲೆ ಪೀಸಿಗೆ ಎಷ್ಟು ಕೂಲಿ ಅನ್ನೋದು ಹೊರಗೆ ಬಂತು. ಕಷ್ಟ ಅಂದರೆ ನಮ್ಮ ಏಪ್ರಿಲ್. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಬೆವರಿಗೆ ಜೇಬು ಒದ್ದೆ, ಶಾಯಿ ಕಲಸಿಹೋಗಿ ಎರಡು ಪುಟ ಮಂಡಕ್ಕಿ ಕಟ್ಟಿದ ಕಾಗದದ ಹಾಗೆ ಆಗಿತ್ತು. ಬಾಲ್ ಪೆನ್ ತಗೊಳ್ಳಿ, ಜೆಲ್ ಬೇಡ.

ಪುಸ್ತಕದಲ್ಲಿ ನಾನು ಪ್ರಾಮಾಣಿಕ. "ಇವತ್ತು ಪ್ರಶ್ನೆ ಕೇಳೋಕೆ ಬಾಯಿ ಬರಲಿಲ್ಲ, ಸುಮ್ನೆ ಹಿಂದೆ ನಿಂತಿದ್ದೆ" ಅಂತ ಬರೆದಿದ್ದೀನಿ, ಇದನ್ನ ಬ್ಲಾಗಿನಲ್ಲಿ ಯಾವತ್ತೂ ಬರೀತಿರಲಿಲ್ಲ. ಆದರೆ ಪುಸ್ತಕ ಎರಡನೇ ಮೆಟ್ಟಿಲಿಗೆ ನಿಲ್ಲುತ್ತೆ. ಬೇಜಾರಾಯಿತು, ಬರೆದೆ, ಹಗುರಾಯಿತು, ಮುಚ್ಚಿಟ್ಟೆ. ಯಾಕೆ ಹಾಗಾಯಿತು ಅಂತ ಯಾರೂ ಕೇಳೋರಿಲ್ಲವಲ್ಲ.

ಇನ್ನು ಬ್ಲಾಗ್. ಇದು ನನಗೆ ಅರ್ಥವಾದದ್ದು ತುಂಗಭದ್ರಾ ಡ್ಯಾಮ್‌ನಿಂದ. 2024ರ ಆಗಸ್ಟ್ 10, ಶನಿವಾರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಮರುದಿನ ಬೆಳಿಗ್ಗೆ ನಾನೂ ರೂಮ್‌ಮೇಟೂ ಹೊಸಪೇಟೆ ಬಸ್ ಹತ್ತಿದೆವು. ಆ ಒಂದು ದಿನವನ್ನು ಮೂರು ಕಡೆಯೂ ಬರೆದಿದ್ದೀನಿ, ಈಗ ಪಕ್ಕಪಕ್ಕ ಇಟ್ಟು ನೋಡಿದರೆ ನಗು ಬರುತ್ತೆ. ವಾಟ್ಸಾಪಿನಲ್ಲಿ ಇರೋದು "ಡ್ಯಾಮ್ ಒಡೆದಿದೆ" ಅನ್ನೋ ಫಾರ್ವರ್ಡ್, ಅದು ಸುಳ್ಳು. ಪುಸ್ತಕದಲ್ಲಿ ಒಂದು ಸಾಲು, "ನೀರಿನ ಸದ್ದಿಗೆ ಪಕ್ಕದಲ್ಲಿರೋರ ಮಾತೂ ಕೇಳಿಸ್ತಿಲ್ಲ", ಅದರ ಕೆಳಗೆ "ಒಟ್ಟು 35 ಗೇಟ್". ಯಾರೋ ಹೇಳಿದ್ದನ್ನು ಹಾಗೇ ಗೀಚಿಕೊಂಡಿದ್ದೆ.

ರಾತ್ರಿ ಬ್ಲಾಗಿಗೆ ಬರೆಯೋಕೆ ಕೂತಾಗ ಕೈ ನಿಂತಿತು. ಇದನ್ನು ಯಾರೋ ಓದ್ತಾರೆ. ಕ್ರಸ್ಟ್ ಗೇಟ್ ಅಂದರೆ ಏನು ಅಂತ ನನಗೇ ಗೊತ್ತಿಲ್ಲ, ಓದೋರಿಗೆ ಏನು ಹೇಳಲಿ? ಕೂತು ಹುಡುಕಿದೆ. ಡ್ಯಾಮಿನ ನೆತ್ತಿಯಲ್ಲಿ ನೀರು ಹೊರಬಿಡೋಕೆ ಇರೋ ಬಾಗಿಲು ಅದು. ಗೇಟ್ 35 ಅಲ್ಲ, 33. ಒಂದು ಗೇಟು ಹೋದ ಮೇಲೆ ಉಳಿದ ಗೇಟುಗಳನ್ನೂ ತೆಗೆದು ನೀರು ಬಿಟ್ಟದ್ದು ಯಾಕೆ ಅಂತ ನೋಡಿದರೆ, ತುಂಬಿದ ಡ್ಯಾಮಿನ ಒತ್ತಡ ಇಳಿಸೋಕೆ. ಮುಂದೆ ವಾರದೊಳಗೆ, ನೀರು ಹರೀತಿರೋವಾಗಲೇ, ಖಾಲಿ ಜಾಗಕ್ಕೆ ಸ್ಟಾಪ್ ಲಾಗ್ ಅನ್ನೋ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಿದರು, ಅದನ್ನೂ ಆಮೇಲೆ ಸೇರಿಸಿದೆ. ನಾನು ನಿಂತು ನೋಡಿಬಂದದ್ದು ನನಗೆ ಅರ್ಥವಾಗಿದ್ದು ರೂಮಿಗೆ ಬಂದು ಬರೆಯೋವಾಗ.

ಆದರೆ ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. ನನ್ನ ರೂಮ್‌ಮೇಟ್ ಸಿರುಗುಪ್ಪ ಕಡೆಯೋನು, ಅವರದು ಕಾಲುವೆ ನೀರಿನ ಭತ್ತದ ಗದ್ದೆ. ಅವನು ಪೋಸ್ಟನ್ನು ಅವರಪ್ಪನಿಗೆ ಓದಿ ಹೇಳಿದ್ದಾನೆ. ಅವರು ಫೋನಿನಲ್ಲೇ ನನ್ನ ಕರೆದು ಕೇಳಿದರು: "ತಮ್ಮಾ, ನೀರು ಹೋಗಿದ್ದು ಚೆಂದ ಬರ್ದೀದಿ. ನಮ್ ಎರಡ್ನೇ ಬೆಳಿಗೆ ನೀರು ಸಿಗ್ತೈತೋ ಇಲ್ಲೋ ಅಂತ ಎಲ್ಲಿ ಬರ್ದೀದಿ?" ಎರಡು ಸಾವಿರ ಪದ ಬರೆದಿದ್ದೆ, ಅದರಲ್ಲಿ ರೈತ ಅನ್ನೋ ಪದ ಒಂದೇ ಸಲ ಇತ್ತು. ಆ ದಿನ ಗಿಬ್ಸ್‌ನ ಆರನೇ ಮೆಟ್ಟಿಲು ಮೊದಲ ಸಲ ಬರೆದೆ: ಮುಂದಿನ ಸಲ ನೀರು ನೋಡೋಕೆ ಹೋಗೋ ಮುಂಚೆ ಆ ನೀರು ಯಾರಿಗೆ ಬೇಕು ಅಂತ ಕೇಳ್ತೀನಿ. ಪುಸ್ತಕ ನನ್ನನ್ನು ಈ ಪ್ರಶ್ನೆ ಕೇಳ್ತಿರಲಿಲ್ಲ.

ಅದಕ್ಕೇ ನನ್ನ ಓಟು ಬ್ಲಾಗಿಗೆ. ಹಾಗಂತ ತಲೆನೋವು ಕಡಿಮೆ ಏನಿಲ್ಲ.

ಮೊದಲನೇದು ಅಕ್ಷರ. ಲ್ಯಾಬಿನಲ್ಲಿ ನಮಗೆ ಕಲಿಸಿದ್ದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್, ಪತ್ರಿಕೆಯ ಪೇಜ್ ಮಾಡೋಕೆ ಅದು ಬೇಕೇ ಬೇಕು. ಅದರಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಬ್ಲಾಗಿಗೆ ಅಂಟಿಸಿದೆ. ರೂಮ್‌ಮೇಟ್ ನೋಡಿ "ಇದೇನ್ ಫ್ರೆಂಚೇನಲೇ?" ಅಂದ. ತಲೆ ಮೇಲೆ ಟೋಪಿ, ಪಕ್ಕದಲ್ಲಿ ಬಾಲ ಇರೋ ಇಂಗ್ಲಿಷ್ ಅಕ್ಷರಗಳು ಪುಟದ ತುಂಬಾ! ಯೂನಿಕೋಡ್‌ಗೆ, ಅಂದರೆ ಎಲ್ಲಾ ಫೋನು ಕಂಪ್ಯೂಟರಿನಲ್ಲೂ ಓದೋಕೆ ಬರೋ ಅಕ್ಷರಕ್ಕೆ, ಬದಲಿಸಿ ಹಾಕಬೇಕು, ಬದಲಿಸಿದ ಮೇಲೂ ಒತ್ತಕ್ಷರಗಳನ್ನು ಒಂದು ಸಲ ಕಣ್ಣಾಡಿಸಿ. ಈಗ ನಾನು ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೀತೀನಿ, ಸುಸ್ತಾದರೆ ಮಾತಾಡಿ ಬರೆಸ್ತೀನಿ. ನಮ್ಮ ಕಡೆ ಮಾತು ಅದಕ್ಕೆ ಅಷ್ಟಾಗಿ ಹತ್ತೋಲ್ಲ, "ಐತಿ" ಅಂದರೆ ಏನೇನೋ ಬರೀತದೆ, ತಿದ್ದಬೇಕು.

ಎರಡನೇದು, ಬ್ಲಾಗ್ ಬರೆಯೋಕೆ ಜಾಗ ಕೊಡೋ ಸೈಟುಗಳಲ್ಲಿ ಬ್ಲಾಗರೋ ವರ್ಡ್‌ಪ್ರೆಸ್ಸೋ. ಎರಡರಲ್ಲೂ ಪುಕ್ಕಟೆ ಖಾತೆ ಮಾಡಿ ಮೂರು ಮೂರು ತಿಂಗಳು ಬರೆದೆ. ಬ್ಲಾಗರ್ ಹುಟ್ಟಿದ್ದು 1999ರಲ್ಲಿ, ನನಗಿಂತ ಮೂರು ವರ್ಷ ದೊಡ್ಡದು, ನೋಡೋಕೂ ಹಾಗೇ ಹಳೇಕಾಲದ್ದು. ಆದರೆ ಜಿಮೇಲ್ ಇದ್ದರೆ ಸಾಕು, ಐದು ನಿಮಿಷದಲ್ಲಿ ರೆಡಿ, ಮುಂದೆ ಸ್ವಂತ ಡೊಮೈನ್ (ನಮ್ಮದೇ ಹೆಸರಿನ ವೆಬ್ ವಿಳಾಸ) ತಗೊಂಡರೆ ಜೋಡಿಸೋಕೆ ಬ್ಲಾಗರಿಗೆ ಬೇರೆ ದುಡ್ಡು ಕೊಡಬೇಕಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್ ಚೆಂದ ಕಾಣುತ್ತೆ, ವಿಭಾಗಗಳನ್ನು ಒಂದರ ಕೆಳಗೊಂದು ಜೋಡಿಸಬಹುದು, ಆದರೆ ಪುಕ್ಕಟೆ ಖಾತೆಯಲ್ಲಿ ಅವರ ಜಾಹೀರಾತು ಇರುತ್ತೆ, ಸ್ವಂತ ಡೊಮೈನ್ ಬೇಕಂದರೆ ದುಡ್ಡಿನ ಪ್ಲಾನ್. ಪತ್ರಿಕೆ ಸೇರೋ ಆಸೆ ಇರೋರು ವರ್ಡ್‌ಪ್ರೆಸ್ ಕಲಿಯಿರಿ, ಬಹಳಷ್ಟು ಸುದ್ದಿ ಸೈಟುಗಳು ಅದರ ಮೇಲೇ ನಡೆಯೋದು. ಕಲಿಕೆಯ ಡೈರಿಗೆ ಅಂತಾದರೆ ಬ್ಲಾಗರ್ ಸಾಕು.

ಒಂದು ಸಣ್ಣ ಕಿವಿಮಾತು, ಇದನ್ನು ಯಾರೂ ಹೇಳೋಲ್ಲ. ಶೀರ್ಷಿಕೆ ಕನ್ನಡದಲ್ಲಿ ಕೊಟ್ಟರೆ ಬ್ಲಾಗರ್ ಅದರಿಂದ ಲಿಂಕ್ ಮಾಡೋಲ್ಲ, ಬರೀ "ಬ್ಲಾಗ್-ಪೋಸ್ಟ್" ಅಂತ ಇಂಗ್ಲಿಷಿನಲ್ಲಿ ಹಾಕಿ ಪಕ್ಕದಲ್ಲಿ ನಂಬರ್ ಕೊಡುತ್ತೆ. ವರ್ಡ್‌ಪ್ರೆಸ್ ಕನ್ನಡದಲ್ಲೇ ಮಾಡುತ್ತೆ, ಆದರೆ ಅದನ್ನು ಕಾಪಿ ಮಾಡಿ ಕಳಿಸಿದರೆ ಶೇಕಡಾ ಗುರುತುಗಳ ರೈಲುಗಾಡಿ. ಎರಡರಲ್ಲೂ ಪಬ್ಲಿಷ್ ಒತ್ತೋ ಮುಂಚೆ ಲಿಂಕಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ ನೀವೇ ಬರೆದುಬಿಡಿ.

ಮೂರನೇದು ಸ್ವಲ್ಪ ಗಂಭೀರ. ಕೋರ್ಟ್ ವರದಿ ಕಲಿಯೋಕೆ ಹೋದ ದಿನ ಒಂದು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ) ಕೇಸಿನ ಬಗ್ಗೆ ಕೇಳಿಸಿಕೊಂಡದ್ದನ್ನು ಬರೆದೆ. ಮಗುವಿನ ಹೆಸರು ಹಾಕಿರಲಿಲ್ಲ, ನಾನು ಜಾಣ ಅಂದುಕೊಂಡೆ. ಓಣಿ ಹೆಸರು ಹಾಕಿದ್ದೆ! ಆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಹೆಸರು ಮಾತ್ರ ಅಲ್ಲ, ವಿಳಾಸ, ಫೋಟೋ, ಶಾಲೆ, ಮನೆಯವರ ವಿವರ, ಅಕ್ಕಪಕ್ಕದ ಜಾಗ ಯಾವುದನ್ನೂ ಹೇಳಿ ಗುರುತು ಬಿಟ್ಟುಕೊಡೋ ಹಾಗಿಲ್ಲ, ಜೈಲು ಶಿಕ್ಷೆಯೂ ಇದೆ, ಯಾವ ಮಾಧ್ಯಮವಾದರೂ ಅಷ್ಟೇ. ಬ್ಲಾಗ್ ಸ್ಟೂಡೆಂಟ್‌ದು, ಓದೋರು ನಾಲ್ಕೇ ಜನ ಅಂದರೆ ನಡೆಯೋಲ್ಲ. ಪುಣ್ಯಕ್ಕೆ ಆಗ ನನ್ನ ಬ್ಲಾಗ್ ಬರೀ ಸರ್ ಮತ್ತು ಮೂರು ಗೆಳೆಯರಿಗೆ ತೆರೆದಿತ್ತು. ಸರ್ ರಾತ್ರಿ ಹತ್ತಕ್ಕೆ ಫೋನ್ ಮಾಡಿ "ಮೊದಲು ಅದನ್ನ ತೆಗಿ, ಆಮೇಲೆ ಊಟ ಮಾಡು" ಅಂದರು.

ಅದಕ್ಕೆ ಹೊಸಬರು ಮೊದಲ ಸೆಮಿಸ್ಟರ್ ಬ್ಲಾಗನ್ನು ಎಲ್ಲರಿಗೂ ತೆರೀಬೇಡಿ. ಸೆಟ್ಟಿಂಗಿನಲ್ಲಿ ಓದುಗರನ್ನು ನಾವೇ ಆರಿಸೋ ಅವಕಾಶ ಇದೆ, ನಾಲ್ಕೈದು ಇಮೇಲ್ ಹಾಕಿ. ಅದರಲ್ಲಿ ಒಬ್ಬರಾದರೂ ನಿಮ್ಮನ್ನು ಹೊಗಳದೇ ಇರೋರು ಇರಲಿ. ಯಾರೂ ಓದದ ಬ್ಲಾಗ್ ಮತ್ತೆ ಪುಸ್ತಕವೇ, ಪುಸ್ತಕದಷ್ಟು ಪ್ರಾಮಾಣಿಕತೆಯೂ ಅದರಲ್ಲಿರೋಲ್ಲ.

ಈಗ ನನ್ನ ಪದ್ಧತಿ ಹೀಗಿದೆ. ಹೊರಗೆ ಹೋದರೆ ಪುಸ್ತಕ. ಬಸ್ಸಿನಲ್ಲಿ ಹೊಳೆದದ್ದು ವಾಟ್ಸಾಪಿಗೆ, ಆದರೆ ಭಾನುವಾರದೊಳಗೆ ಕೇಳಿ ಅಳಿಸಬೇಕು. ಭಾನುವಾರ ಒಗ್ಗರಣೆ ಮಿರ್ಚಿ ತಿಂದು ಬಂದು ಪುಸ್ತಕ ತೆರೆದಿಟ್ಟುಕೊಂಡು ಬ್ಲಾಗ್, ವಾರಕ್ಕೆ ಒಂದೇ ಪೋಸ್ಟ್. ದಿನಾ ಬರೀತೀನಿ ಅಂತ ಹೊರಟವರು ನಮ್ಮ ಕ್ಲಾಸಿನಲ್ಲಿ ದಸರಾ ದಾಟಲಿಲ್ಲ.

ಡ್ರಾಫ್ಟಿನಲ್ಲಿ ಒಂದು ಇನ್ನೂ ಬಾಕಿ ಇದೆ, "ಎರಡನೇ ಬೆಳೆ" ಅಂತ ಹೆಸರಿಟ್ಟಿದ್ದೀನಿ. ಅದನ್ನು ರೂಮಿನಲ್ಲಿ ಕೂತು ಬರೆಯೋಕೆ ಆಗೋಲ್ಲ, ಮುಂದಿನ ವಾರ ಸಿರುಗುಪ್ಪಕ್ಕೆ ಹೋಗ್ತೀನಿ, ಬಾಲ್ ಪೆನ್ ತಗೊಂಡು.