ಕನ್ನಡ ಟೈಪಿಂಗ್ ಅಂಗಡಿಗೆ ಯಾವ ಆಫೀಸ್ ಸಾಫ್ಟ್‌ವೇರ್? ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಹೊಲ, ಮನೆ ಕಳೆದುಕೊಂಡವರ ಪರಿಹಾರದ ಅರ್ಜಿ ಬರುತ್ತವೆ. ಪತ್ತಿನ ಸಂಘಗಳ ಠರಾವು ಬರುತ್ತವೆ. ತೋಟಗಾರಿಕೆ ವಿಶ್ವವಿದ್ಯಾಲಯದ ಹುಡುಗರ ಥೀಸಿಸ್, ಇಳಕಲ್ ಸೀರೆ ವ್ಯಾಪಾರಿಗಳ ದರಪಟ್ಟಿ, ಇವೂ ಇವೆ. ಈ ಕೆಲಸಗಳನ್ನೇ ಇಟ್ಟುಕೊಂಡು ಮೈಕ್ರೋಸಾಫ್ಟ್ ಆಫೀಸ್, ಲಿಬ್ರೆಆಫೀಸ್, ಡಬ್ಲ್ಯೂಪಿಎಸ್ ಆಫೀಸ್, ಓನ್ಲಿಆಫೀಸ್ ನಾಲ್ಕನ್ನೂ ಬಳಸಿ ನೋಡಿದ್ದೇವೆ.

ಈಗ ಇದನ್ನು ಬರೆಯಲು ಕಾರಣವಿದೆ. ಆಫೀಸ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಫೀಸ್ 2021ರ ಗಡುವು 2026ರ ಅಕ್ಟೋಬರ್ 13. ನಮ್ಮ ಭಾಗದ ಅಂಗಡಿಗಳಲ್ಲಿ, ಸಂಘಗಳ ಕಚೇರಿಗಳಲ್ಲಿ ಇನ್ನೂ ಓಡುತ್ತಿರುವುದು ಜಾಸ್ತಿ ಈ ಹಳೆಯವೇ. ಹಾಗಾಗಿ "ಮುಂದೇನು" ಅಂತ ಕೇಳುವವರು ಹೆಚ್ಚಾಗಿದ್ದಾರೆ.

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ದಿನದ ಕೆಲಸದ ಕಂಪ್ಯೂಟರುಗಳಲ್ಲೆಲ್ಲ ಲಿಬ್ರೆಆಫೀಸ್. ಒಂದರಲ್ಲಿ ಮಾತ್ರ ಲೈಸೆನ್ಸ್ ಇರುವ ಮೈಕ್ರೋಸಾಫ್ಟ್ ಆಫೀಸ್. ಯಾಕೆ ಅನ್ನುವುದು ಕೆಲಸ ಕೆಲಸಕ್ಕೂ ಬೇರೆ.

ಮೊದಲು ಕನ್ನಡದ ವಿಷಯ. ಕನ್ನಡ ಚೆನ್ನಾಗಿ ಬರಬೇಕೆಂದರೆ ಯಾವ ಆಫೀಸ್ ಅನ್ನುವುದಕ್ಕಿಂತ ಯಾವ ಫಾಂಟ್ ಅನ್ನುವುದು ದೊಡ್ಡ ಪ್ರಶ್ನೆ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಪರದೆ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ. 'ಕ' ಅಕ್ಷರದ ಹಿಂದೆ ಇಂಗ್ಲಿಷಿನ ಪಿ ಇರುತ್ತದೆ, 'ಜ' ಹಿಂದೆ ಡಿ. ಸಂಘದ ಸದಸ್ಯರ ಯಾದಿಯನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಜಕ್ಕವ್ವ ಮೊದಲು ಬರುತ್ತಾಳೆ, ಕಲ್ಲಪ್ಪ ಆಮೇಲೆ ಬರುತ್ತಾನೆ. ಎಕ್ಸೆಲ್ ಆದರೂ ಅಷ್ಟೇ, ಲಿಬ್ರೆಯ ಕ್ಯಾಲ್ಕ್ ಆದರೂ ಅಷ್ಟೇ. ಆಟೋಕರೆಕ್ಟ್ ಬೇರೆ ಇದೆ. ಅದು ಇಂಗ್ಲಿಷ್ ಅಂದುಕೊಂಡು ಸಣ್ಣಕ್ಷರವನ್ನು ದೊಡ್ಡದು ಮಾಡಿದರೆ ಕನ್ನಡದ ಅಕ್ಷರವೇ ಬದಲಾಗುತ್ತದೆ. ನುಡಿ ಹಳೆ ಫಾಂಟಿನ ಕೆಲಸ ಇನ್ನೂ ಮಾಡುವವರು ಯಾವ ಆಫೀಸ್ ಹಾಕಿದರೂ ಮೊದಲು ಆಟೋಕರೆಕ್ಟ್ ಆಫ್ ಮಾಡಿ.

ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯುನಿಕೋಡಿಗೆ ಬಂದರೆ ಈ ತೊಂದರೆ ಇಲ್ಲ. ಕೀಲಿಮಣೆ ಬದಲಿಸಬೇಕಾಗಿಲ್ಲ, ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ. ಹಳೆಯ ಫೈಲನ್ನು ಪರಿವರ್ತಿಸಿದ ಮೇಲೆ ಮಾತ್ರ ಒಮ್ಮೆ ಪೂರ್ತಿ ಓದಿ. ಅರ್ಕಾವತ್ತು ಇರುವ ಹೆಸರುಗಳನ್ನು, ನಡುವೆ ಬಂದ ಇಂಗ್ಲಿಷ್ ಪದಗಳನ್ನು ಕಣ್ಣಿಟ್ಟು ನೋಡಬೇಕು. ಪರಿಹಾರದ ಅರ್ಜಿಯಲ್ಲಿ ಹೆಸರಿನ ಒಂದು ಒತ್ತು ತಪ್ಪಿದರೂ ಉತಾರಕ್ಕೆ (ಪಹಣಿಗೆ) ತಾಳೆ ಆಗುವುದಿಲ್ಲ.

ಯುನಿಕೋಡ್ ಕನ್ನಡವನ್ನು ತೋರಿಸುವುದರಲ್ಲಿ ವರ್ಡ್ ಮತ್ತು ಲಿಬ್ರೆಯ ರೈಟರ್ ಇವತ್ತು ಸರಿಸಮ. ಲಿಬ್ರೆ 2017ರ 5.3 ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ಎಂಜಿನ್ನನ್ನೇ ಬದಲಿಸಿತು. ಹಾರ್ಫ್‌ಬಝ್ ಅನ್ನುವ ಒಂದೇ ಎಂಜಿನ್ ವಿಂಡೋಸಿಗೂ ಲಿನಕ್ಸಿಗೂ ಬಂತು. ಹಾಗಾಗಿ ಎರಡು ಕಡೆಯೂ ಒತ್ತಕ್ಷರ ಒಂದೇ ಥರ ಕಾಣುತ್ತವೆ. ನನಗೆ ಲಿಬ್ರೆಯಲ್ಲಿ ತುಂಬಾ ಹಿಡಿಸಿದ್ದು ಇನ್ನೊಂದು. ಅದು ಕನ್ನಡವನ್ನು ಸಂಕೀರ್ಣ ಲಿಪಿ ಅಂತ ಬೇರೆ ಇಟ್ಟುಕೊಳ್ಳುತ್ತದೆ. ಒಂದೇ ಸ್ಟೈಲಿನಲ್ಲಿ ಕನ್ನಡಕ್ಕೆ ಒಂದು ಫಾಂಟು, ಒಂದು ಸೈಜು, ಇಂಗ್ಲಿಷಿಗೆ ಬೇರೆ ಫಾಂಟು, ಬೇರೆ ಸೈಜು ಕೊಡಬಹುದು. ಕನ್ನಡ 13, ಇಂಗ್ಲಿಷ್ 11 ಅಂತ ಇಟ್ಟರೆ ಸಾಲು ಸಮನಾಗಿ ಕಾಣುತ್ತದೆ. ಇಂಗ್ಲಿಷ್ ಹೆಸರು, ಖಾತೆ ನಂಬರ್ ನಡುನಡುವೆ ಬರುವ ಅರ್ಜಿಗೆ ಇದು ದೊಡ್ಡ ಅನುಕೂಲ. ವರ್ಡ್‌ನಲ್ಲೂ ಇದೆ, ಫಾಂಟ್ ಕಿಟಕಿಯೊಳಗೆ ಹೋಗಿ ಹುಡುಕಬೇಕು.

ಹಾಳಿ ಲೆಕ್ಕವೂ ಇಲ್ಲೇ ಬರುತ್ತದೆ. "ಸರ್ರ, ಮನ್ಯಾಗ ಮೂರ ಹಾಳಿ ಇತ್ತು, ಇಲ್ಲಿ ನಾಕ್ ಹೆಂಗಾತು?" ಅಂತ ಗಿರಾಕಿಗಳು ಕೇಳುತ್ತಾರೆ. ಆಫೀಸ್ ಬದಲಾಗಿದ್ದಕ್ಕೇ ಹೀಗಾಯಿತು ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾದ ಕಾರಣ ಸಾಮಾನ್ಯವಾಗಿ ಫಾಂಟು. ಹಳೆಯ ವಿಂಡೋಸಿನಲ್ಲಿ ಕನ್ನಡಕ್ಕೆ ತುಂಗಾ ಇತ್ತು. ವಿಂಡೋಸ್ 10ರಿಂದ ಅದನ್ನು ಬೇಕಾದವರು ಬೇರೆಯಾಗಿ ಹಾಕಿಕೊಳ್ಳಬೇಕು, ಮೊದಲಿಂದಲೇ ಇರುವುದು ನಿರ್ಮಲಾ. ತುಂಗಾದಲ್ಲಿ ಮಾಡಿದ ಫೈಲು ಅದಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬೇರೆ ಫಾಂಟು ಬಂದು ಕೂರುತ್ತದೆ, ಸಾಲುಗಳು ಕೆಳಗೆ ಜಾರುತ್ತವೆ. ನೋಟೋ ಕನ್ನಡ ಉಚಿತ, ಓದಲು ಚಂದ, ಆದರೆ ಸಾಲಿನ ಎತ್ತರ ಜಾಸ್ತಿ ತಿನ್ನುತ್ತದೆ. ಸಾಲಿನ ಅಂತರವನ್ನು ಲಿಬ್ರೆಯಲ್ಲಿ 'ಫಿಕ್ಸೆಡ್', ವರ್ಡ್‌ನಲ್ಲಿ 'ಎಕ್ಸಾಕ್ಟ್ಲಿ' ಅಂತ ಹಾಕಿ ಹಿಡಿತಕ್ಕೆ ತರಬಹುದು. ತೀರಾ ಬಿಗಿ ಮಾಡಿದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ, ಒಂದು ಹಾಳಿ ಪ್ರಿಂಟ್ ತೆಗೆದು ನೋಡಿ. ಫೈಲಿನೊಳಗೇ ಫಾಂಟ್ ಸೇರಿಸುವ ಸೌಲಭ್ಯ ಎರಡರಲ್ಲೂ ಇದೆ, ಅದನ್ನು ಬಳಸುವವರು ಕಡಿಮೆ. ದಯವಿಟ್ಟು ಬಳಸಿ.

ಇನ್ನು ಲೆಕ್ಕದ ಹಾಳೆ. ಇಲ್ಲಿ ನಮ್ಮ ಜಿಲ್ಲೆಯ ಕೆಲಸಕ್ಕೆ ಒಂದು ವಿಶೇಷ ತೊಡಕಿದೆ. ಸರ್ವೆ ನಂಬರ್, ಹಿಸ್ಸಾ ಬರೆಯುವಾಗ 12/3 ಅಂತ ಹೊಡೆದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡಿಬಿಡುತ್ತದೆ. ಆಮೇಲೆ ಬರೀ ಫಾರ್ಮ್ಯಾಟ್ ಬದಲಿಸಿದರೆ ಹಳೆಯದು ವಾಪಸ್ ಬರುವುದಿಲ್ಲ, ಏನೋ ಐದಂಕಿ ಸಂಖ್ಯೆ ಕಾಣುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಮ್ಮನ್ನು 'ಟೆಕ್ಸ್ಟ್' ಮಾಡಿಕೊಳ್ಳಬೇಕು. ಲಿಬ್ರೆಯಲ್ಲೂ ಇದು ಆಗುತ್ತದೆ. ಆದರೆ ಅಲ್ಲಿ ಭಾಷೆಯ ಸೆಟ್ಟಿಂಗಿನಲ್ಲಿ, ಹೇಗೆ ಹೊಡೆದರೆ ದಿನಾಂಕ ಅಂತ ತಿಳಿಯಬೇಕು ಅನ್ನುವ ಮಾದರಿಗಳನ್ನು ನಾವೇ ತಿದ್ದಬಹುದು. ದಿನ ಮತ್ತು ತಿಂಗಳು ಮಾತ್ರ ಇರುವ ಮಾದರಿ ತೆಗೆದುಹಾಕಿದರೆ 12/3 ಸುಮ್ನೆ 12/3 ಆಗಿಯೇ ಉಳಿಯುತ್ತದೆ. ಮುಳುಗಡೆ ಸಂತ್ರಸ್ತರ ಉದ್ದುದ್ದ ಯಾದಿ ಹೊಡೆಯುವವರಿಗೆ ಈ ಒಂದೇ ಕಾರಣಕ್ಕೆ ಲಿಬ್ರೆ ಹೇಳುತ್ತೇನೆ. ಅವರ ಸರ್ವೆ ನಂಬರ್ ತಪ್ಪಾದರೆ ಅಲೆದಾಟ ಅವರಿಗೇ ತಾನೆ.

ಎಕರೆ, ಗುಂಟೆ ಕೂಡಿಸುವುದರಲ್ಲಿ ಎಲ್ಲವೂ ಒಂದೇ. 2 ಎಕರೆ 35 ಗುಂಟೆಗೆ 1 ಎಕರೆ 20 ಗುಂಟೆ ಕೂಡಿದರೆ 4 ಎಕರೆ 15 ಗುಂಟೆ. 2.35, 1.20 ಅಂತ ಚುಕ್ಕೆ ಹಾಕಿ ಬರೆದರೆ 3.55 ಬರುತ್ತದೆ, ಅದು ತಪ್ಪು. ಎಕರೆಗೆ ಒಂದು ಕಾಲಮ್, ಗುಂಟೆಗೆ ಇನ್ನೊಂದು ಮಾಡಿ. ಗುಂಟೆಯ ಮೊತ್ತವನ್ನು 40ರಿಂದ ಭಾಗಿಸಿ, ಇಂಟ್ (INT) ಫಾರ್ಮುಲಾದಿಂದ ಎಕರೆ, ಮಾಡ್ (MOD) ಫಾರ್ಮುಲಾದಿಂದ ಉಳಿದ ಗುಂಟೆ ತೆಗೆಯಿರಿ. ನಾಲ್ಕರಲ್ಲೂ ಒಂದೇ ಉತ್ತರ. ಲಕ್ಷ, ಕೋಟಿಗೆ ನಮ್ಮ ರೀತಿಯ ಅಲ್ಪವಿರಾಮ ಬರಲು ಎಕ್ಸೆಲ್ ವಿಂಡೋಸಿನ ಪ್ರಾದೇಶಿಕ ಸೆಟ್ಟಿಂಗನ್ನು ನೋಡುತ್ತದೆ, ಕ್ಯಾಲ್ಕಿನಲ್ಲಿ ಅದರೊಳಗೇ ಭಾರತ ಅಂತ ಆರಿಸಿದರೆ ಸಾಕು.

ಎಕ್ಸೆಲ್ ಮುಂದಿರುವ ಕಡೆ ಅದನ್ನು ಒಪ್ಪಿಕೊಳ್ಳಲೇಬೇಕು. ಪಿವೋಟ್ ಟೇಬಲ್, ಪವರ್ ಕ್ವೆರಿ, ಮ್ಯಾಕ್ರೋ, ಈ ಮೂರನ್ನು ನಂಬಿರುವ ಲೆಕ್ಕಿಗರು ಎಕ್ಸೆಲ್ ಬಿಡಬಾರದು. ಎಕ್ಸೆಲ್ಲಿನ ಮ್ಯಾಕ್ರೋಗಳಲ್ಲಿ ಕೆಲವು ಮಾತ್ರ ಲಿಬ್ರೆಯಲ್ಲಿ ಓಡುತ್ತವೆ. ಯಾದಿಯಿಂದ ಬೇಕಾದ್ದನ್ನು ಹುಡುಕಿ ತರುವ ಎಕ್ಸ್‌ಲುಕಪ್ ಫಾರ್ಮುಲಾ ಮಾತ್ರ ಬೇಕು ಅನ್ನುವವರಿಗೆ ಸಂತೋಷದ ಸುದ್ದಿ: ಅದು 2024ರ ಆಗಸ್ಟಿನ 24.8 ಆವೃತ್ತಿಯಿಂದ ಲಿಬ್ರೆಯಲ್ಲೂ ಇದೆ. ಎಕ್ಸೆಲ್ 2016, 2019ರಲ್ಲಿ ಇಲ್ಲ! ಹಳೆಯ ದುಡ್ಡಿನ ಎಕ್ಸೆಲ್ಲಿಗಿಂತ ಹೊಸ ಉಚಿತ ಕ್ಯಾಲ್ಕ್ ಈ ವಿಷಯದಲ್ಲಿ ಮುಂದಿದೆ.

ಮೇಲ್ ಮರ್ಜ್‌ಗೆ ನಾವು ಈಗಲೂ ವರ್ಡ್ ಇರುವ ಕಂಪ್ಯೂಟರಿಗೇ ಹೋಗಿ ಕೂರುತ್ತೇವೆ. ವಾರ್ಷಿಕ ಸಭೆಯ ಕಾಲದಲ್ಲಿ ಸಂಘದವರು ಪ್ರತಿ ಸದಸ್ಯನ ಹೆಸರು ಹಾಕಿ ನೋಟಿಸು ಕೇಳುತ್ತಾರೆ. ವರ್ಡ್‌ನಲ್ಲಿ ಎಕ್ಸೆಲ್ ಯಾದಿ ತೋರಿಸಿದರೆ ಕೆಲಸ ಶುರು. ಲಿಬ್ರೆಯಲ್ಲಿ ಅದೇ ಯಾದಿಯನ್ನು ಮೊದಲು ಡೇಟಾಬೇಸ್ ಅಂತ ನೋಂದಾಯಿಸಬೇಕು, ಹೊಸಬರಿಗೆ ಇದು ತಲೆನೋವು.

ಥೀಸಿಸ್ ವಿಷಯ ಹೀಗಿದೆ. ಗೈಡ್ ವರ್ಡ್‌ನಲ್ಲಿ ತಿದ್ದುಪಡಿ ಗುರುತು ಹಾಕಿ ಕಳಿಸಿದರೆ, ವಾಪಸ್ ವರ್ಡ್‌ನಲ್ಲೇ ಮುಗಿಸುವುದು ಒಳ್ಳೆಯದು. ಚಿತ್ರ, ಕೋಷ್ಟಕ, ಅಡಿಟಿಪ್ಪಣಿ ತುಂಬಿದ ವರ್ಡ್‌ನ ಡಾಕ್ಸ್ (.docx) ಫೈಲು ಎರಡು ಸಾಫ್ಟ್‌ವೇರ್ ನಡುವೆ ಓಡಾಡಿದರೆ ಎಲ್ಲೋ ಒಂದು ಕಡೆ ಸರಿಯುತ್ತದೆ. ಬರೀ ಅಕ್ಷರಗಳ ಅರ್ಜಿ, ಠರಾವುಗಳಿಗೆ ಈ ಭಯ ಬೇಡ. ವರ್ಡ್‌ನ ಇಂಗ್ಲಿಷ್ ಫಾಂಟು ಕ್ಯಾಲಿಬ್ರಿ ಇಲ್ಲದ ಕಡೆ ಅದೇ ಅಗಲದ ಕಾರ್ಲಿಟೊ ಫಾಂಟು ಲಿಬ್ರೆಯ ಜೊತೆಗೇ ಬರುತ್ತದೆ, ಸಾಲು ಮುರಿಯುವುದಿಲ್ಲ.

ಅಂಗಡಿಯವರಿಗೆ ಲಿಬ್ರೆಯಿಂದ ಸಿಗುವ ನಿಜವಾದ ಲಾಭ ಹಳೆಯ ಫೈಲುಗಳದ್ದು. ಮದುವೆ ಕಾರ್ಡಿನ ಹಳೆಯ ಪೇಜ್‌ಮೇಕರ್ ಫೈಲು, ಕೋರಲ್ ಡ್ರಾ ಫೈಲು, ಪಬ್ಲಿಷರ್ ಫೈಲು ಯಾರಾದರೂ ತಂದರೆ ಲಿಬ್ರೆಯ ಡ್ರಾದಲ್ಲಿ ತೆರೆಯಲು ಪ್ರಯತ್ನಿಸಬಹುದು. ವಿನ್ಯಾಸ ಪೂರ್ತಿ ಹಾಗೇ ಬರುವ ಖಾತ್ರಿ ಇಲ್ಲ. ಒಳಗಿನ ಅಕ್ಷರ ಸಿಕ್ಕರೂ ಅರ್ಧ ಕೆಲಸ ಉಳಿಯಿತಲ್ವಾ? ಪಿಡಿಎಫ್ ಮಾಡುವಾಗಲೂ ಚಿತ್ರದ ಗುಣಮಟ್ಟ, ರೆಸಲ್ಯೂಷನ್ ಎಷ್ಟಿರಬೇಕು ಅಂತ ಅಲ್ಲೇ ಕೊಡಬಹುದು. ಇಷ್ಟೇ ಕೆಬಿ ಒಳಗಿರಲಿ ಅನ್ನುವ ಆನ್‌ಲೈನ್ ಅರ್ಜಿಗಳಿಗೆ ಬೇರೆ ಸಾಫ್ಟ್‌ವೇರ್ ಹುಡುಕಬೇಕಾಗಿಲ್ಲ.

ಡಬ್ಲ್ಯೂಪಿಎಸ್ ನೋಡಲು ವರ್ಡ್ ಇದ್ದ ಹಾಗೇ ಇದೆ. ಕಲಿಯುವ ಕಷ್ಟವೇ ಇಲ್ಲ. ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತವೆ, ಕೆಲವು ಸೌಲಭ್ಯಕ್ಕೆ ರೊಕ್ಕ ಕಟ್ಟಬೇಕು. ಗಿರಾಕಿ ಪಕ್ಕದಲ್ಲಿ ಕೂತು ತನ್ನ ಆಧಾರ್ ನಂಬರ್ ಓದಿ ಹೇಳುತ್ತಿರುವಾಗ ಪರದೆ ಮೇಲೆ ಜಾಹೀರಾತು ಬರುವುದು ನನಗೆ ಒಪ್ಪುವುದಿಲ್ಲ. ಓನ್ಲಿಆಫೀಸ್ ಡಾಕ್ಸ್ ಫೈಲನ್ನೇ ತನ್ನ ಮೂಲ ರೂಪವಾಗಿ ಇಟ್ಟುಕೊಂಡಿದೆ, ಇಂಗ್ಲಿಷ್ ಥೀಸಿಸ್ ಅದರಲ್ಲಿ ಅಚ್ಚುಕಟ್ಟಾಗಿ ತೆರೆಯುತ್ತದೆ, ಜಾಹೀರಾತೂ ಇಲ್ಲ. ಆದರೆ ಒಳಗೆ ಬ್ರೌಸರ್ ಎಂಜಿನ್ ಇರುವುದರಿಂದ 4 ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರಿಗೆ ಭಾರ. ಕನ್ನಡದ ಉದ್ದ ಕೆಲಸಕ್ಕೆ ಇದು ನಮ್ಮ ಮೊದಲ ಆಯ್ಕೆ ಅಲ್ಲ.

ಕರೆಂಟ್ ಹೋಗುವ ವಿಷಯ ಒಂದೇ ಮಾತು. ಮೈಕ್ರೋಸಾಫ್ಟ್, ಲಿಬ್ರೆ ಎರಡರಲ್ಲೂ ತಾನಾಗಿ ಉಳಿಸಿಕೊಳ್ಳುವ ಅವಧಿ ಮೊದಲಿಗೆ 10 ನಿಮಿಷ ಇರುತ್ತದೆ, ಅದನ್ನು 2 ಮಾಡಿ. ಮೈಕ್ರೋಸಾಫ್ಟಿನ ಆಟೋಸೇವ್ ಬಟನ್ ಕೆಲಸ ಮಾಡುವುದು ಫೈಲು ಒನ್‌ಡ್ರೈವ್‌ನಂಥ ಕ್ಲೌಡಿನಲ್ಲಿದ್ದರೆ ಮಾತ್ರ. ಕಂಪ್ಯೂಟರಿನೊಳಗಿನ ಫೈಲಿಗೆ ಅದನ್ನು ನಂಬಿ ಕೂರಬೇಡಿ.

ರೊಕ್ಕದ ಮಾತಿಗೆ ಬಂದರೆ, ಲಿಬ್ರೆ ಅಂಗಡಿಗೂ ಮನೆಗೂ ಉಚಿತ. ಎಷ್ಟು ಕಂಪ್ಯೂಟರಿಗಾದರೂ ಹಾಕಬಹುದು. 2010ರಲ್ಲಿ ಓಪನ್‌ಆಫೀಸ್‌ನಿಂದ ಬೇರೆಯಾಗಿ ಬಂದ ಯೋಜನೆ ಇದು, ಈಗಲೂ ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ಬರುತ್ತವೆ. ಮೈಕ್ರೋಸಾಫ್ಟ್ ಕೊಳ್ಳುವವರು ಒಂದನ್ನು ನೋಡಿಕೊಳ್ಳಿ: 2021ರವರೆಗಿನ ಆವೃತ್ತಿಗಳಲ್ಲಿ 'ಹೋಮ್ ಅಂಡ್ ಸ್ಟೂಡೆಂಟ್' ಅಂತ ಇದ್ದದ್ದು ಮನೆ ಬಳಕೆಗೆ, ವ್ಯಾಪಾರಕ್ಕಲ್ಲ. ಅಂಗಡಿಗೆ 'ಹೋಮ್ ಅಂಡ್ ಬಿಸಿನೆಸ್' ಅಥವಾ ಬಿಸಿನೆಸ್ ಚಂದಾ ಬೇಕು. ಕ್ರ್ಯಾಕ್ ಹಾಕಿದ ಆಫೀಸ್ ಮಾತ್ರ ಬೇಡವೇ ಬೇಡ. ಜನರ ಉತಾರ, ಬ್ಯಾಂಕ್ ಪಾಸ್‌ಬುಕ್, ಆಧಾರ್ ನಮ್ಮ ಕಂಪ್ಯೂಟರಿನಲ್ಲಿ ಇರುತ್ತವೆ. ಎಲ್ಲಿಂದ ಬಂತೋ ಗೊತ್ತಿಲ್ಲದ ಕ್ರ್ಯಾಕಿನ ಜೊತೆ ಅವನ್ನು ಇಡುವುದು ಸರಿಯಲ್ಲ.

ಬದಲಾಯಿಸುವವರು ಒಂದೇ ದಿನ ಎಲ್ಲಾ ಕಂಪ್ಯೂಟರುಗಳನ್ನೂ ಬದಲಿಸಬೇಡಿ. ಒಂದರಲ್ಲಿ ಲಿಬ್ರೆ ಹಾಕಿ, ಉಳಿಸುವ ರೂಪವನ್ನು ಡಾಕ್ಸ್ ಮತ್ತು ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಮೊದಲೇ ಹೊಂದಿಸಿ, ಅಂಗಡಿಯ ಎಲ್ಲಾ ಕಂಪ್ಯೂಟರಿಗೂ ಒಂದೇ ಕನ್ನಡ ಯುನಿಕೋಡ್ ಫಾಂಟು ಹಾಕಿ. ಗಿರಾಕಿಗೆ ಕೊಡುವಾಗ ಪಿಡಿಎಫ್ ಒಂದು, ತಿದ್ದಲು ಬರುವ ಫೈಲು ಒಂದು, ಎರಡನ್ನೂ ಪೆನ್‌ಡ್ರೈವಿಗೆ ಹಾಕಿ ಕೊಡಿ.