ಹಲ್ಲಿನ ಸಂದಿ ಬ್ರಷ್: ಎರಡೂವರೆ ವರ್ಷ ದಿನಾ ಬಳಸಿ ಬರ್ಯಾಕತ್ತೀನಿ (5ಕ್ಕ 4)

ನಾವು ಮುಧೋಳದವ್ರು. ಕಬ್ಬಿನ ಹಂಗಾಮಿನ್ಯಾಗ ಹೊಲಕ್ಕ ಹೋದಾಗ ಒಂದ್ ಗಣಿಕಿ ಸುಲಿದು ಕಚ್ಚಿದೆ, ನೋಡಿದ್ರ ಬೆಳ್ಳಗಿದ್ದ ಕಬ್ಬಿನ ಮ್ಯಾಲ ಕೆಂಪಗ ರಕ್ತ. ಅದಕ್ಕೂ ಮೊದ್ಲ ವರ್ಷಗಟ್ಲೆ ಬ್ರಷ್ ಮಾಡುವಾಗ ರಕ್ತ ಬರ್ತಿತ್ತು, ನಾ ಏನ್ ಮಾಡ್ತಿದ್ದೆ ಅಂದ್ರ ರಕ್ತ ಬರೋ ಕಡೆ ಬ್ರಷ್ ಆಡಿಸೋದ ಬಿಟ್ಟಿದ್ದೆ. ದೊಡ್ಡ ತಪ್ಪು ಅದು. ಒಸಡಿನ ಅಂಚಿಗೆ ಕೂತ ಪಾಚಿಯಿಂದನ ಒಸಡು ಬಾತು ರಕ್ತ ಬರೋದು, ಅಲ್ಲೇ ತಿಕ್ಕಲಿಲ್ಲ ಅಂದ್ರ ಪಾಚಿ ಗಟ್ಟಿಯಾಗಿ ಕಿಟ್ಟ ಕಟ್ತೈತಿ, ಕಿಟ್ಟ ಆದ ಮ್ಯಾಲ ಯಾವ ಬ್ರಷ್ಷಿಗೂ ಹೋಗಂಗಿಲ್ಲ.

ಮೊದ್ಲ ತೋರಿಸಿದ ಡಾಕ್ಟರು ಐದು ದಿನದ ಗುಳಿಗಿ ಬರ್ಕೊಟ್ರು, ಬಾಯಿ ತೆಗೆಸಿ ಸರಿಯಾಗಿ ನೋಡ್ಲೇ ಇಲ್ಲ, ಗುಳಿಗಿ ಮುಗಿದ ಹದಿನೈದು ದಿನಕ್ಕ ಮತ್ತ ಶುರು. ಕಡೀಕ ಬಾಗಲಕೋಟಿ ಬಿ.ವಿ.ವಿ. ಸಂಘದ ಡೆಂಟಲ್ ಕಾಲೇಜಿಗೆ ಹೋದೆ. ಒಸಡಿನ ವಿಭಾಗಕ್ಕ ಪೆರಿಯೋ ಅಂತಾರ. ಗೆರಿ ಇರೋ ಸಣ್ಣ ಕಡ್ಡಿ ಹಲ್ಲಿಗೂ ಒಸಡಿಗೂ ನಡುವ ಇಳಿಬಿಟ್ಟು ಒಂದೊಂದ ಹಲ್ಲಿಗೆ ಆರು ಕಡೆ ಆಳದ ಅಳತಿ, ಒಬ್ಬ ಹುಡುಗಿ "ಮೂರು, ಎರಡು, ಆರು" ಅಂತ ಕೂಗೋದು, ಇನ್ನೊಬ್ಬಾಕಿ ಬರ್ಕೊಳ್ಳೋದು. 3 ಮಿ.ಮೀ. ತನಕ ಚಿಂತಿ ಇಲ್ಲ, ನಂಗ ದವಡಿ ಹಲ್ಲಿಗೆ 5, 6 ಇದ್ವು. ಎಕ್ಸ್‌ರೇದಾಗ ಹಲ್ಲು ಹಿಡ್ಕೊಂಡಿರೋ ದವಡಿ ಎಲುಬು ಇಳಿದಿದ್ದು ಕಾಣಿಸ್ತು. ಬರೇ ಒಸಡು ಬಾತಿದ್ರ ಪೂರ್ತಿ ಸರಿ ಆಗ್ತೈತಿ, ಕರಗಿದ ಎಲುಬು ತಾನಾಗೇ ತಿರುಗಿ ಬೆಳೆಯಂಗಿಲ್ಲ, ಇದ್ದದ್ದು ಉಳಿಸ್ಕೋರಿ ಅಂದ್ರು. "ಶುಗರ್ ಚೆಕ್ ಮಾಡಿಸೀರೇನ್ರಿ ಕಾಕಾ?" ಅಂತ ಕೇಳಿದ್ದೂ ಅವ್ರೇ, ಮಾಡಿಸಿದ್ರ ಜಾಸ್ತಿನೇ ಇತ್ತು. ಶುಗರ್ ಹತೋಟಿಗೆ ಬರಲಿಲ್ಲ ಅಂದ್ರ ಒಸಡು ಬೇಗ ಮಾಯಂಗಿಲ್ಲಂತ.

ಮರಗಟ್ಟೋ ಇಂಜೆಕ್ಷನ್ ಕೊಟ್ಟು ಬೇರಿನ ತನಕ ಕ್ಲೀನ್ ಮಾಡಿದ್ರು. ಕ್ಲೀನ್ ಮಾಡಿಸಿದ್ರ ಹಲ್ಲು ಸಡಿಲ ಆಗ್ತಾವ, ಸಂದಿ ಬೀಳ್ತಾವ ಅಂತ ನಮ್ಮ ಕಡೆ ಮಂದಿ ಅಂತಾರಲ್ಲ, ಹಂಗಲ್ಲ ಅದು. ಕಿಟ್ಟ ತುಂಬಿದ್ದ ಜಾಗ ಖಾಲಿ ಆತು, ಬಾವು ಇಳೀತು, ಮೊದಲ ಇದ್ದ ಸಂದಿ ಈಗ ಕಾಣ್ತೈತಿ ಅಷ್ಟ. ಆದ್ರ ಆ ಸಂದಿಯೊಳಗ ಕಡಕ್ ರೊಟ್ಟಿ ಚೂರು, ಶೇಂಗಾ ಚಟ್ನಿ ಹೋಗಿ ಕೂಡ್ತಿತ್ತು, ಅದಕ್ಕ ಈ ಬ್ರಷ್ ಹೇಳಿದ್ರು.

ಬಾಟ್ಲಿ ತೊಳಿಯೋ ಬ್ರಷ್ ಇರ್ತೈತಲ್ರಿ, ಅದನ್ನ ಬೆಂಕಿಕಡ್ಡಿಗಿಂತ ಸಣ್ಣ ಮಾಡಿದಂಗ, ನಡುವ ತಂತಿ ಸುತ್ತಲೂ ಎಳಿ. ನಾ ಅವಸರಕ್ಕ ಕೈಗೆ ಸಿಕ್ಕ ಸೈಜ್ ತಂದು ಮುಂದಿನ ಹಲ್ಲಿಗೆ ಒತ್ತಿ ತುರುಕಿ ಒಸಡು ಗಾಯ ಮಾಡ್ಕೊಂಡೆ. ಮತ್ತ ಕಾಲೇಜಿಗೆ ಹೋದ್ರ ಒಂದೊಂದ ಸಂದಿಗೆ ಹಾಕಿ ನೋಡಿ ಎರಡು ಸೈಜ್ ಗೊತ್ತು ಮಾಡಿಕೊಟ್ರು, ಮುಂದ ಸಣ್ಣದು, ದವಡಿಗೆ ದೊಡ್ಡದು. ಎಳಿ ಎರಡೂ ಹಲ್ಲಿಗೆ ತಾಗ್ಬೇಕು, ತಂತಿ ತಿಕ್ಕಬಾರ್ದು, ಅದೇ ಅಳತಿ. ಮೊದಲನೇ ವಾರ ಹೊರಗ ತೆಗೆದು ಮೂಸಿ ನೋಡಿದೆ, ಅಬ್ಬಾ ಆ ವಾಸನಿ! ಎರಡು ಹೊತ್ತು ಬ್ರಷ್ ಮಾಡಿದ ಬಾಯಿ ಇದು. ಅವತ್ತಿನಿಂದ ಒಂದು ರಾತ್ರಿನೂ ತಪ್ಪಿಸಿಲ್ಲ. ಶುರುವಿಗೆ ರಕ್ತ ಬಂತು, ಬಿಡ್ಲಿಲ್ಲ, ಎರಡು ವಾರದಾಗ ನಿಂತ್ತು, ವಾಸನಿನೂ ಹೋತು.

ಕೊರತಿ ಅಂದ್ರ ತಂತಿ ಲಗೂನ ಬಾಗ್ತೈತಿ, ಒಂದ್ ಸಲ ಒಳಗೇ ಮುರಿದು ಹೆಂಡತಿ ಬ್ಯಾಟರಿ ಹಿಡಿದು ಚಿಮಟಿಗಿಯಿಂದ ತೆಗೆದ್ಲು. ನಮ್ಮೂರ ಮೆಡಿಕಲ್‌ದಾಗ ಎಲ್ಲಾ ಸೈಜ್ ಸಿಗಂಗಿಲ್ಲ, ಆನ್‌ಲೈನ್ ತರಿಸ್ಬೇಕು, ಒಂದು ಬ್ರಷ್ ನಂಗ ಹತ್ತು ದಿನ ಬರ್ತೈತಿ, ಖರ್ಚು ಹತ್ತತೈತಿ. ಹಲ್ಲು ಒತ್ತಾಗಿ ಇದ್ದೋರಿಗೆ ಇದು ಹೋಗಂಗಿಲ್ಲ, ಅವ್ರಿಗೆ ಫ್ಲಾಸ್ ದಾರಾನ ಸರಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಎರಡ ವಾರ ಕೊಟ್ಟಿದ್ರು, ನಾ ಹೆಚ್ಚಿಗಿ ದಿನ ಹಾಕ್ಕೊಂಡು ಹಲ್ಲು ಕಂದು ಆಗಿದ್ವು, ಹೇಳಿದಷ್ಟ ದಿನ ಹಾಕ್ಕೋರಿ.

ಮೂರು ತಿಂಗಳಿಗೊಮ್ಮೆ ತೋರಿಸ್ತೀನಿ, ಕಿಟ್ಟ ಕಟ್ಟಿದ್ರ ಅವ್ರ ಕಡೆಯಿಂದನ ತೆಗೆಸ್ಬೇಕು, ಇದರಿಂದ ಆಗಂಗಿಲ್ಲ. ಹೋದ ಸಲ ಒಸಡಿನ ಆಳ 6 ಮಿ.ಮೀ. ಇದ್ದದ್ದು 4ಕ್ಕ ಬಂದಿತ್ತು. ಕೆಳಗಿನ ಒಂದು ಹಲ್ಲು ಇನ್ನೂ ಸ್ವಲ್ಪ ಅಲುಗಾಡ್ತೈತಿ, ಆ ಕಡೆ ಕಬ್ಬು ಕಚ್ಚಂಗಿಲ್ಲ ನಾ.